ಎರಡು ಪುಟದ ಮೆಮೊ ಬರೆದು ವಾಷಿಂಗ್ಟನ್‌ನಲ್ಲಿ ಕೆಲಸ ಹಿಡಿದಿದ್ದು

ಹುಬ್ಬಳ್ಳಿ-ಧಾರವಾಡದ ನಲ್ಲಿ ನೀರಿನ ಬಗ್ಗೆ ಬರೆದ ಎರಡು ಪುಟದ ಮೆಮೊ, ಅಂದರೆ ಸಲಹೆಯ ಟಿಪ್ಪಣಿ, ನನಗೆ ವಾಷಿಂಗ್ಟನ್‌ನಲ್ಲಿ ಮೊದಲ ಕೆಲಸ ಕೊಡಿಸಿತು. ಇದು ಆಗೋ ಮಾತಲ್ಲ ಅಂತ ಕಾಲೇಜಿನ ಕರಿಯರ್ ಆಫೀಸಿನವರು ಹೇಳಿದ್ದರು. ಸೀನಿಯರ್‌ಗಳೂ ಹೇಳಿದ್ದರು. "ನಿಮ್ಮೂರಿನ ನೀರಿನ ಸುದ್ದಿ ಇಲ್ಲಿ ಯಾರಿಗೆ ಬೇಕು? ಚೀನಾ ಬಗ್ಗೆ ಬರಿ, ಇಂಡೋ-ಪೆಸಿಫಿಕ್ ಬಗ್ಗೆ ಬರಿ" ಅನ್ನೋದು ಎಲ್ಲರ ಸಲಹೆ. ರೆಸ್ಯೂಮೆಯಿಂದ ಕನ್ನಡ ಅನ್ನೋ ಸಾಲು ತೆಗೆದುಬಿಡು, ಜಾಗ ಉಳಿಯುತ್ತೆ ಅಂದವರೂ ಇದ್ದರು. ಈಗ ಜೂನಿಯರ್‌ಗಳು ಅದೇ ಮೆಮೊ ಕೇಳುತ್ತಾರೆ. ಅದಕ್ಕೆ ಒಂದೇ ಸಲ ಬರೆದಿಡುತ್ತಿದ್ದೇನೆ. ಐ-20 (ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡುವ ಕಾಗದ), ಓಪಿಟಿ (ಓದು ಮುಗಿದ ಮೇಲೆ ಅಮೆರಿಕದಲ್ಲಿ ಕೆಲಸ ಮಾಡಲು ಸಿಗುವ ಅನುಮತಿ), ಕೇಸ್ ಇಂಟರ್‌ವ್ಯೂ (ಕಂಪನಿಯೊಂದರ ಸಮಸ್ಯೆ ಕೊಟ್ಟು ಬಿಡಿಸು ಅನ್ನುವ ಸಂದರ್ಶನ) ಇವುಗಳ ಜೊತೆ ಗುದ್ದಾಡುತ್ತಿರುವವರಿಗೆ ಇದು.

2022ರಲ್ಲಿ ಇಂಟರ್‌ನ್ಯಾಷನಲ್ ಅಫೇರ್ಸ್ ಎಂಎಗೆ ಬಂದೆ. ಸಾಲ ಸುಮಾರು 45 ಲಕ್ಷ ರೂಪಾಯಿ, ಅಪ್ಪನ ಸೈಟು ಅಡಮಾನ. ಇಎಂಐ ಶುರುವಾದರೆ ತಿಂಗಳಿಗೆ 55 ಸಾವಿರದ ಹತ್ತಿರ. ವಾಷಿಂಗ್ಟನ್ ಪಕ್ಕದ ಅರ್ಲಿಂಗ್ಟನ್‌ನಲ್ಲಿ ನಾಲ್ಕು ಜನ ಸೇರಿ ಮನೆ ಮಾಡಿದ್ದೆವು, ನನ್ನ ಪಾಲಿನ ಬಾಡಿಗೆ 950 ಡಾಲರ್ ಆಸುಪಾಸು. ಈ ಲೆಕ್ಕ ತಲೆಯಲ್ಲಿದ್ದರೆ ಸಂಬಳವಿಲ್ಲದ ಇಂಟರ್ನ್‌ಶಿಪ್‌ಗಳ ಮೇಲೆ ಪ್ರೀತಿ ಹುಟ್ಟಲ್ಲ.

ಎಫ್-1, ಅಂದರೆ ವಿದ್ಯಾರ್ಥಿ ವೀಸಾದವರಿಗೆ ಈ ಊರಲ್ಲಿ ಎಷ್ಟು ಬಾಗಿಲು ಮುಚ್ಚಿವೆ ಅಂತ ನಿಮಗೂ ಗೊತ್ತು. ಸ್ಟೇಟ್ ಡಿಪಾರ್ಟ್‌ಮೆಂಟ್ (ವಿದೇಶಾಂಗ ಇಲಾಖೆ) ಇಲ್ಲ. ಸೆಕ್ಯೂರಿಟಿ ಕ್ಲಿಯರೆನ್ಸ್ (ಗುಟ್ಟಿನ ಮಾಹಿತಿ ನೋಡಲು ಸರ್ಕಾರ ಕೊಡುವ ಅನುಮತಿ) ಬೇಕಾದ ಯಾವುದೂ ಇಲ್ಲ. ದೊಡ್ಡ ಕನ್ಸಲ್ಟಿಂಗ್ ಕಂಪನಿಗಳಲ್ಲೂ ಫೆಡರಲ್ ಸರ್ಕಾರದ ಕೆಲಸ ಮಾಡುವ ವಿಭಾಗಗಳು ಬಹುಮಟ್ಟಿಗೆ ನಮಗಲ್ಲ. ಉಳಿಯೋದು ಥಿಂಕ್ ಟ್ಯಾಂಕ್ (ನೀತಿ ಸಂಶೋಧನಾ ಸಂಸ್ಥೆ), ವಿಶ್ವ ಬ್ಯಾಂಕಿನಂಥ ಸಂಸ್ಥೆಗಳು, ಖಾಸಗಿ ಕನ್ಸಲ್ಟಿಂಗ್. ಅದಕ್ಕೆ ನೂರಕ್ಕಿಂತ ಜಾಸ್ತಿ ಕಡೆ ಪೋರ್ಟಲ್ ಮೂಲಕವೇ ಅರ್ಜಿ ಹಾಕಿದೆ. ಬಹಳ ಕಡೆಯಿಂದ ಉತ್ತರವೇ ಬರಲಿಲ್ಲ. ಇಂಟರ್‌ವ್ಯೂವರೆಗೆ ಹೋಗಿದ್ದು ಬೆರಳೆಣಿಕೆಯಷ್ಟು. ಒಂದು ಕನ್ಸಲ್ಟಿಂಗ್ ಕಂಪನಿಯಲ್ಲಂತೂ ಕೊನೆ ಸುತ್ತು ಮುಗಿದು, ಪಾರ್ಟ್‌ನರ್ ಕೈಕುಲುಕಿದ ಮೇಲೆ ಎಚ್‌ಆರ್ ಫೋನ್ ಮಾಡಿ "ನಾವು ವೀಸಾ ಸ್ಪಾನ್ಸರ್ ಮಾಡಲ್ಲ" ಅಂದರು. ಅರ್ಜಿಯ ಮೊದಲ ಪುಟದಲ್ಲೇ ಅದನ್ನು ಕೇಳಿದ್ದರು, ನಾನು ನಿಜವನ್ನೇ ಬರೆದಿದ್ದೆ. ಆ ಕಂಪನಿಗೆ ಅಂತಲೇ ಕೇಸ್ ಕೋಚ್‌ಗೆ 700 ಡಾಲರ್ ಸುರಿದಿದ್ದೆ. ಅದು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ಕೋಚ್‌ಗಿಂತ ಉಪಯೋಗಕ್ಕೆ ಬಂದಿದ್ದು ನಾನೇ ಮಾಡಿಕೊಂಡ ಒಂದು ಅಭ್ಯಾಸ. ಮಾರ್ಕೆಟ್ ಸೈಜಿಂಗ್, ಅಂದರೆ ಮಾರುಕಟ್ಟೆ ಎಷ್ಟು ದೊಡ್ಡದು ಅನ್ನೋ ಪ್ರಶ್ನೆ ಬಂದರೆ ಲೆಕ್ಕವನ್ನೆಲ್ಲ ಲಕ್ಷ-ಕೋಟಿಯಲ್ಲೇ ಹಾಕುತ್ತಿದ್ದೆ, ಕೊನೆಯ ಉತ್ತರ ಮಾತ್ರ ಮಿಲಿಯನ್‌ಗೆ ಬದಲಿಸುತ್ತಿದ್ದೆ. ಚಿಕ್ಕಂದಿನಿಂದ ಕೋಟಿಯಲ್ಲೇ ಯೋಚಿಸಿದ ತಲೆ ಅದು, ಸೊನ್ನೆ ತಪ್ಪಲ್ಲ. 10 ಲಕ್ಷಕ್ಕೆ ಒಂದು ಮಿಲಿಯನ್, 100 ಕೋಟಿಗೆ ಒಂದು ಬಿಲಿಯನ್, ಅಷ್ಟೇ ನೆನಪಿಡೋದು. ಒಂದು ಸೆಮಿಸ್ಟರ್ ಇದನ್ನು ರೂಮ್‌ಮೇಟ್ ಜೊತೆ ರಾತ್ರಿ ಅಡುಗೆ ಮಾಡುವಾಗ ಪ್ರಯತ್ನಿಸಿದೆ. ಅವನು ತೆಲುಗಿನವನು, ಅವನಿಗೂ ಕೆಲಸ ಮಾಡಿತು. ನಮ್ಮ ಕೇಸ್ ಗುಂಪಿನಲ್ಲಿ ನಮ್ಮಿಬ್ಬರಷ್ಟು ಬೇಗ ಲೆಕ್ಕ ಮುಗಿಸುವವರು ಇರಲಿಲ್ಲ.

ಇನ್ನು ಮೆಮೊ ವಿಷಯ. ವಿಶ್ವ ಬ್ಯಾಂಕಿನ ಯೋಜನೆಗಳ ಕಾಗದಪತ್ರ ಬಹುತೇಕ ಸಾರ್ವಜನಿಕವಾಗಿಯೇ ಇರುತ್ತವೆ. ಯೋಜನೆ ನಡೆಸುವ ಟಾಸ್ಕ್ ಟೀಮ್ ಲೀಡರ್ ಹೆಸರೂ ಅದರಲ್ಲೇ ಇರುತ್ತೆ. ಕರ್ನಾಟಕದಲ್ಲಿ ದಿನದ 24 ಗಂಟೆ ನೀರು ಕೊಡುವ ಯೋಜನೆ 2004ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವೇ ವಾರ್ಡುಗಳಲ್ಲಿ ಶುರುವಾಗಿದ್ದು. 2016ರಲ್ಲಿ ಹುಬ್ಬಳ್ಳಿ-ಧಾರವಾಡ ಪೂರ್ತಿಗೆ ಹರಡಲು ಬ್ಯಾಂಕ್ 10 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಈ ವರದಿಗಳನ್ನು ಓದುವವರು ವಾಷಿಂಗ್ಟನ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಪಾಲಿಕೆ ಸಾಮಾನ್ಯ ಸಭೆಯ ನಡಾವಳಿಯನ್ನು ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳುವವರು ಎಷ್ಟು ಜನ ಇದ್ದಾರು? ನಾನು ಹಿಡಿದಿದ್ದು ಅಲ್ಲೇ.

ಹುಬ್ಬಳ್ಳಿಯ ಕಾಕಾಗೆ ಫೋನ್ ಮಾಡಿ ಅವರ ಓಣಿಯವರ ಹಳೆ ನೀರಿನ ಬಿಲ್ಲುಗಳ ಫೋಟೋ ಕೇಳಿದೆ. "ಅದನ್ನ ತಗೊಂಡು ಅಮೆರಿಕಾದಾಗ ಏನ್ ಮಾಡ್ತಿಪಾ?" ಅಂದರು. ಆದರೂ ಸುಮಾರು 40 ಮನೆಯ ಬಿಲ್ಲು ಕಳುಹಿಸಿದರು. ಬಿಲ್ಲು ಮುಂದಿಟ್ಟುಕೊಂಡು ನೋಡಿದರೆ ಕಥೆ ಅಲ್ಲೇ ಇತ್ತು. ಕೆಲವು ತೀರಿಹೋದ ಅಜ್ಜನ ಹೆಸರಲ್ಲಿ, ಕೆಲವು ಹತ್ತು ವರ್ಷದ ಬಾಕಿ ಬಡ್ಡಿ ಸಮೇತ. ಹೊಸ ಮೀಟರ್ ಬಂದರೂ ಹಳೆ ಬಾಕಿ ಅದೇ ಬಿಲ್ಲಿನಲ್ಲಿ ಕೂತಿದ್ದರೆ ಜನ ಈ ತಿಂಗಳದ್ದನ್ನೂ ಕಟ್ಟಲ್ಲ.

ಮೆಮೊದ ಮೊದಲ ಸಾಲು ಹೀಗಿತ್ತು: "ಹೊಸ ಮೀಟರ್ ಹಾಕುವ ಮೊದಲು ಹಳೆ ಬಾಕಿಯನ್ನು ಬೇರೆ ಬಿಲ್ಲಿಗೆ ಸರಿಸಿ." ಹಿನ್ನೆಲೆ, ಪೀಠಿಕೆ ಏನೂ ಇಲ್ಲ. ಆಮೇಲೆ ಆ 40 ಮನೆಯ ಒಂದು ಪುಟ್ಟ ಟೇಬಲ್. ಆಮೇಲೆ ಇದಕ್ಕೆ ಯಾರು ಒಪ್ಪಲ್ಲ, ಯಾಕೆ. ಎರಡನೇ ಪುಟದ ಕೊನೆಯಲ್ಲಿ ಮೂರು ಪ್ರಶ್ನೆ. ಆ ಮೂರಕ್ಕೂ ಉತ್ತರ ಮೆಮೊ ಓದುವ ಮನುಷ್ಯನ ಹತ್ತಿರ ಮಾತ್ರ ಇರಬೇಕು. ಉತ್ತರ ತರಿಸೋದು ಆ ಪ್ರಶ್ನೆಗಳೇ. ಇಮೇಲ್ ಆರು ಸಾಲು, ರೆಸ್ಯೂಮೆ ಲಗತ್ತಿಸಲಿಲ್ಲ. ಕೆಲಸ ಕೊಡಿ ಅನ್ನೋ ಮಾತು ಎಲ್ಲೂ ಇಲ್ಲ. ಯಾರಿಗೆ ಮೊದಲು ಕಳುಹಿಸಬೇಕು ಅನ್ನೋದರಲ್ಲಿ ಒಂದು ಉಪಾಯ ಇದೆ, ಟಾಸ್ಕ್ ಟೀಮ್ ಲೀಡರ್‌ಗೆ ನೇರವಾಗಿ ಅಲ್ಲ. ಅದನ್ನು ಇಲ್ಲಿ ಬರೆಯಲ್ಲ. ಸಬ್ಜೆಕ್ಟ್ ಲೈನ್ ಕೂಡ ನನ್ನ ಹತ್ತಿರವೇ ಇರಲಿ.

2024ರ ಮೇನಲ್ಲಿ ಪದವಿ ಮುಗಿಯಿತು. ಓಪಿಟಿ ಶುರುವಾಗುವ ದಿನವನ್ನು ಎಷ್ಟು ಮುಂದೆ ಹಾಕಬಹುದೋ ಅಷ್ಟು ಹಾಕಿ ಜುಲೈಗೆ ತಂದಿದ್ದೆ. ಆನ್‌ಲೈನ್ ಅರ್ಜಿಗೆ 470 ಡಾಲರ್. ಬೇಗ ಮಾಡಿಕೊಡುವ ಪ್ರೀಮಿಯಂಗೆ ಆಗ ಇನ್ನೂ 1,685 ಕೇಳುತ್ತಿದ್ದರು, ಕಟ್ಟಲಿಲ್ಲ. ಕೆಲಸದ ಅನುಮತಿಯ ಕಾರ್ಡ್ ಎರಡೂವರೆ ತಿಂಗಳಲ್ಲಿ ಬಂತು. ಆಮೇಲೆ 90 ದಿನದ ಗಡಿಯಾರ, ಕೆಲಸವಿಲ್ಲದೆ ಒಟ್ಟು ಅಷ್ಟೇ ದಿನ ಇರಬಹುದು. ಅದನ್ನು ನಿಲ್ಲಿಸಲು ಒಂದು ಪುಟ್ಟ ಎನ್‌ಜಿಒನಲ್ಲಿ ವಾರಕ್ಕೆ 20 ಗಂಟೆ ಸಂಬಳವಿಲ್ಲದ ಕೆಲಸ ಹಿಡಿದೆ. ಓದಿದ ವಿಷಯಕ್ಕೆ ಹೊಂದುವ ಕೆಲಸವಾದರೆ ಮೊದಲ ವರ್ಷದ ಓಪಿಟಿಯಲ್ಲಿ ಇದು ನಡೆಯುತ್ತೆ, ಕಾಗದದಲ್ಲಿ ಬರೆಸಿಕೊಳ್ಳಿ. ಮೆಮೊಗೆ ಮೂರು ವಾರ ಬಿಟ್ಟು ಉತ್ತರ ಬಂತು. ಎರಡು ಕಾಲ್ ಆದಮೇಲೆ ವಿಶ್ವ ಬ್ಯಾಂಕಿನ ಜೊತೆ ಶಾರ್ಟ್ ಟರ್ಮ್ ಕನ್ಸಲ್ಟೆಂಟ್ (ಅಲ್ಪಾವಧಿ ಸಲಹೆಗಾರ) ಒಪ್ಪಂದ. ದಿನಕ್ಕೆ 240 ಡಾಲರ್ ಹತ್ತಿರ. ಬ್ಯಾಂಕಿನ ಲೆಕ್ಕದ ವರ್ಷ ಜುಲೈಯಿಂದ ಜೂನ್, ಅದರಲ್ಲಿ 150 ದಿನಕ್ಕಿಂತ ಜಾಸ್ತಿ ಕೆಲಸ ಕೊಡಲ್ಲ. ಅಂದರೆ ವರ್ಷಕ್ಕೆ ಹೆಚ್ಚೆಂದರೆ 36 ಸಾವಿರ ಡಾಲರ್, ಇನ್ಶೂರೆನ್ಸ್ ನಮ್ಮದೇ ಖರ್ಚು. ಆದರೂ ಇಎಂಐ ಒಂದು ತಿಂಗಳೂ ತಪ್ಪಲಿಲ್ಲ.

ಇಲ್ಲಿ ಬಹಳ ಜನ ಗಮನಿಸದ ಒಂದು ಅಂಶ ಇದೆ. ಸ್ಟೆಮ್ ಎಕ್ಸ್‌ಟೆನ್ಷನ್‌ನ (ವಿಜ್ಞಾನ, ಗಣಿತದಂಥ ವಿಷಯ ಓದಿದವರಿಗೆ ಓಪಿಟಿ ಮೇಲೆ ಸಿಗುವ ವಿಸ್ತರಣೆ) 24 ತಿಂಗಳಿಗೆ ಇ-ವೆರಿಫೈನಲ್ಲಿರುವ (ನೌಕರರ ಕೆಲಸದ ಅರ್ಹತೆ ಪರೀಕ್ಷಿಸುವ ಸರ್ಕಾರಿ ವ್ಯವಸ್ಥೆ) ಕಂಪನಿಯೇ ಬೇಕು, ನಿಜವಾದ ಉದ್ಯೋಗವೇ ಬೇಕು. ಕನ್ಸಲ್ಟೆಂಟ್ ಒಪ್ಪಂದ ನಡೆಯಲ್ಲ. ನನ್ನ ಐ-20 ಮೇಲೆ ಓದುವ ವಿಷಯದ ಕೋಡ್ 45.0603 ಇತ್ತು, ಅದು ಸ್ಟೆಮ್ ಪಟ್ಟಿಯಲ್ಲಿದೆ. ಆ ಕೋಡ್ ಸಿಗಲಿ ಅಂತಲೇ ಎಕನಾಮೆಟ್ರಿಕ್ಸ್ (ಅರ್ಥಶಾಸ್ತ್ರದ ಅಂಕಿಅಂಶ ವಿಶ್ಲೇಷಣೆ) ಜಾಸ್ತಿ ಇರುವ ವಿಭಾಗ ಆರಿಸಿಕೊಂಡಿದ್ದೆ. ಆಗ ನಕ್ಕವರಲ್ಲಿ ಒಂದಿಬ್ಬರು ಈಗ ಊರಿಗೆ ವಾಪಸ್ ಹೋಗಿದ್ದಾರೆ.

2025ರ ಜನವರಿಯಲ್ಲಿ ಅಮೆರಿಕದ ವಿದೇಶಿ ನೆರವು ಬಹುಮಟ್ಟಿಗೆ ನಿಂತಿತು. ಆ ನೆರವು ಹಂಚುತ್ತಿದ್ದ ಯುಎಸ್‌ಎಐಡಿ ಜುಲೈ ಹೊತ್ತಿಗೆ ಇಲ್ಲವೇ ಇಲ್ಲ. ಹದಿನೈದು ವರ್ಷ ಅನುಭವದವರು ನಾವು ಅರ್ಜಿ ಹಾಕುವ ಕೆಲಸಗಳಿಗೇ ಅರ್ಜಿ ಹಾಕತೊಡಗಿದರು. ಎಲ್ಲರೂ ಇನ್ನೂ ಜಾಸ್ತಿ ಪೋರ್ಟಲ್‌ಗೆ ಬಿದ್ದರು. ನಾನು ಎರಡನೇ ಮೆಮೊಗೆ ಕೂತೆ. ಈ ಸಲ ಅಮೆರಿಕದ್ದೇ ಸೀಸದ ಪೈಪು. 2024ರ ಅಕ್ಟೋಬರ್‌ನಲ್ಲಿ ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಹೊಸ ನಿಯಮ ತಂದು, ಬಹುತೇಕ ಊರುಗಳು ಹತ್ತು ವರ್ಷದಲ್ಲಿ ಸೀಸದ ಪೈಪು ತೆಗೆಯಬೇಕು ಅಂತ ಹೇಳಿತ್ತು. ಯಾವ ಮನೆಗೆ ಯಾವ ಪೈಪು ಅನ್ನೋ ಪಟ್ಟಿಯನ್ನು ಕೊಡಲು ಅದೇ ತಿಂಗಳ 16ರ ಗಡುವೂ ಇತ್ತು. ಒಂದು ಮಧ್ಯಮ ಗಾತ್ರದ ಊರಿನ ಪಟ್ಟಿ ತೆಗೆದು "ಗೊತ್ತಿಲ್ಲ" ಅಂತ ಬರೆದಿರುವ ಮನೆಗಳನ್ನು ಮನೆ ಕಟ್ಟಿದ ವರ್ಷದ ಜೊತೆ ಜೋಡಿಸಿದೆ. ಮೊದಲು ಎಲ್ಲಿ ಅಗೆಯಬೇಕು ಅನ್ನೋದು ಮೊದಲ ಸಾಲು. ಹುಬ್ಬಳ್ಳಿ ಮೆಮೊದ ಅದೇ ಅಚ್ಚು. ನೀರಿನ ಸಂಸ್ಥೆಗಳಿಗೆ ಸಲಹೆ ಕೊಡುವ ನಾಲ್ಕು ಕಂಪನಿಗಳಿಗೆ ಕಳುಹಿಸಿದೆ, ಇಬ್ಬರು ಕರೆದರು, ಒಬ್ಬರು ಏಪ್ರಿಲ್‌ನಲ್ಲಿ ಕೆಲಸ ಕೊಟ್ಟರು. ಇ-ವೆರಿಫೈ ಇತ್ತು. ಸಂಬಳ ವರ್ಷಕ್ಕೆ 78 ಸಾವಿರ ಚಿಲ್ಲರೆ ಡಾಲರ್. ಈಗ ಇಎಂಐ ಮೇಲೆ ಇನ್ನೊಂದು 50 ಸಾವಿರ ರೂಪಾಯಿ ಸೇರಿಸಿ ಕಟ್ಟುತ್ತಿದ್ದೇನೆ.

ಮೆಮೊ ಬರೆದವರು ಧಾರಾಳವಾಗಿ ಕಳುಹಿಸಿ, ಓದಿ ಕೆಂಪು ಗುರುತು ಹಾಕಿ ವಾಪಸ್ ಕಳುಹಿಸುತ್ತೇನೆ. ಎರಡು ಪುಟ ದಾಟಿದ್ದರೆ ಮೊದಲು ನೀವೇ ಕತ್ತರಿಸಿ. ರೆಸ್ಯೂಮೆ ಮಾತ್ರ ಕಳುಹಿಸಬೇಡಿ.