ಬಿದ್ದ ಮರದ ಕೂಲಿ ಯಾರ ತಲೆಗೆ?

ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವ ಮೇಸ್ತ್ರಿ ನಾನು. ಮಳೆ ಹಿಡಿಯುವ ಹೊತ್ತಿಗೆ ಮರಗಸಿ ಮುಗಿಯುತ್ತದೆ. ಆಮೇಲೆ ಬರೀ ಬಿದ್ದ ಮರಗಳದ್ದೇ ಫೋನು.

"ನಿಂತ ಮರಕ್ಕೇ ಇಷ್ಟಿಲ್ಲ, ಬಿದ್ದಿದ್ದಕ್ಕೆ ಏನಯ್ಯಾ ಈ ರೇಟು?" ಎಂದು ಕೇಳದ ಗೌಡರಿಲ್ಲ. ಬಿದ್ದ ಮರವೇ ಅಪಾಯ ಸ್ವಾಮಿ. ಅಡಿಯಲ್ಲಿ ಸಿಕ್ಕಿಕೊಂಡ ಕೊಂಬೆ ಬಿಲ್ಲಿನ ಹಾಗೆ ಬಾಗಿರುತ್ತದೆ, ಮರ ಕೊಯ್ಯುವ ಮಿಷನ್ ತಾಗಿದ್ದೇ ತಡ ಎದೆಗೆ ಬರುತ್ತದೆ. ಬೊಡ್ಡೆ ಕೊಯ್ದ ಮೇಲೆ ಕಿತ್ತೆದ್ದಿದ್ದ ಬೇರಿನ ಗಡ್ಡೆ ಒಮ್ಮೊಮ್ಮೆ ಧಪ್ ಅಂತ ಗುಂಡಿಗೆ ವಾಪಸ್ ಕೂರುತ್ತದೆ. ಹಿಂದೆ ಆಳು ನಿಂತಿದ್ದರೆ ಕತೆ ಮುಗಿಯಿತು. ಕರೆಂಟ್ ತಂತಿ ಸಿಕ್ಕಿಕೊಂಡಿದ್ದರೆ ಕರೆಂಟಿನವರ ಸಹಾಯವಾಣಿ 1912ಕ್ಕೆ ಹೇಳಿ, ಲೈನ್‌ಮ್ಯಾನ್ ಬಂದು ಆಫ್ ಮಾಡುವ ತನಕ ನಾನು ಮಿಷನ್ ಎತ್ತುವುದಿಲ್ಲ.

ಮೊದಮೊದಲು ಕರೆದ ಕೂಡಲೇ ಓಡುತ್ತಿದ್ದೆ. ಒಂದ್ಸಲ ಒಬ್ಬರ ಮರ ಪಕ್ಕದವರ ಜಾಗಕ್ಕೆ ಬಿದ್ದಿತ್ತು, ಪಕ್ಕದವರು ಕರೆದರು ಅಂತ ನಾಲ್ಕು ಆಳು ಹಾಕಿ ಎರಡು ದಿನ ಕೊಯ್ದೆ. ದುಡ್ಡು ಕೇಳಿದರೆ ಮರದವರು, "ಕರೆದವರು ಅವರು, ಅವರನ್ನೇ ಕೇಳು" ಅಂದರು. ಕರೆದವರು, "ಮರ ಅವರದ್ದು" ಅಂದರು. ಆಳುಗಳ ಹದಿನಾಲ್ಕು ಸಾವಿರ ನನ್ನ ಜೇಬಿಂದ ಹೋಯಿತು. ಅವತ್ತಿನಿಂದ ಇಬ್ಬರೂ ಎದುರಿಗೆ ಬಂದು ರೇಟು ಒಪ್ಪದೆ ದಾರ ಎಳೆದು ಮಿಷನ್ ಸ್ಟಾರ್ಟ್ ಮಾಡಿಲ್ಲ.

ಹಾಸನದ ವಕೀಲರೊಬ್ಬರ ತೋಟಕ್ಕೂ ನಾನೇ ಮರಗಸಿ ಮಾಡುವುದು. ಅವರು ಬಿಡಿಸಿ ಹೇಳಿದ್ದು ಇಷ್ಟು: ಗಟ್ಟಿಮುಟ್ಟಾದ ಮರ ಬಿರುಗಾಳಿಗೆ ಬಿದ್ದರೆ ಅದು ದೈವಕೃತ್ಯ, ಮರದವರ ಮೇಲೆ ಹೊರಿಸುವುದು ಕಷ್ಟ. ಟೊಳ್ಳಾಗಿದೆ, ವಾಲಿದೆ ಅಂತ ಗೊತ್ತಿದ್ದೂ ಬಿಟ್ಟಿದ್ದರೆ ಹೊಣೆ ಅವರದೇ. ಹಾಗಾಗಿ ಪಕ್ಕದವರ ಮರ ವಾಲಿದ್ದರೆ ಬೇಸಿಗೆಯಲ್ಲೇ ಬರಹದಲ್ಲಿ ತಿಳಿಸಿ, ವಾಟ್ಸಾಪ್ ಆದರೂ ಸರಿ. ನಾಟಾ, ಅಂದರೆ ಮರದ ದಿಮ್ಮಿ, ಮಾತ್ರ ಎಲ್ಲಿ ಬಿದ್ದರೂ ಮರದವರದ್ದು.

ಮೊನ್ನೆ ಪುಷ್ಯ ಮಳೆಯಲ್ಲಿ ಒಂದು ಸಿಲ್ವರ್ ಓಕ್ ಮರ ಗಡಿಯ ಅಗಳು (ಕಂದಕ) ದಾಟಿ ಪಕ್ಕದವರ ಸ್ಟೋರಿನ, ಅಂದರೆ ಗೋದಾಮಿನ, ಶೀಟಿನ ಮೇಲೆ ಮಲಗಿತ್ತು. ಇಬ್ಬರು ಗೌಡರೂ ಕೊಡೆ ಹಿಡಿದು ಆಚೆ ಈಚೆ ನಿಂತಿದ್ದರು. ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಬುಡಸಮೇತ ಕಿತ್ತು ಹೋಗಿತ್ತು, ಅದರ ನಷ್ಟ ಯಾರೂ ಎತ್ತಲೇ ಇಲ್ಲ. ಸ್ಟೋರಿನವರದ್ದು ಒಂದೇ ಹಟ: "ಶೀಟು, ಕೂಲಿ ಎರಡೂ ಅವರೇ ಕೊಡಲಿ."

ನಾನು ಮೊದಲು ಬುಡ ನೋಡುತ್ತೇನೆ. ಲಡ್ಡಾಗಿದ್ದರೆ, ಅಂದರೆ ಕೊಳೆತಿದ್ದರೆ, ಒಳಗೆ ಕಪ್ಪು ಹುಡಿ ಉದುರುತ್ತದೆ, ಅಣಬೆ ಎದ್ದಿರುತ್ತದೆ. ಇಲ್ಲಿ ಅದೇನೂ ಇರಲಿಲ್ಲ. ತೋಟದ ಕಡೆಯ ಬೇರುಗಳು ನಾರು ನಾರಾಗಿ ಹರಿದಿದ್ದವು, ಒಳಗೆಲ್ಲ ಬಿಳಿ. ಅಗಳಿನ ಕಡೆಯ ಬೇರುಗಳು ಮಾತ್ರ ಒಂದೇ ಸಾಲಿನಲ್ಲಿ ಮೊಂಡಾಗಿದ್ದವು, ತುದಿ ಕಪ್ಪಾಗಿತ್ತು. ಒಂದು ದಪ್ಪ ಬೇರಿನ ಮೇಲೆ ಜೆಸಿಬಿ ಹಲ್ಲು ಎಳೆದ ಗೀರು ಹಾಗೇ ಇತ್ತು.

"ಅಗಳು ಯಾವಾಗ ತೆಗೆಸಿದ್ರಿ ಗೌಡ್ರೇ?" ಅಂದೆ.

"ಮಾರ್ಚಲ್ಲಿ" ಅಂದವರು ಸ್ಟೋರಿನವರೇ. ಆಮೇಲೆ ಕೊಡೆ ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

ನಾಲ್ಕೂ ಕಡೆಯಿಂದ ಫೋಟೋ ತೆಗೆದು ಇಬ್ಬರಿಗೂ ಕಳಿಸಿದೆ. ನಾನೇನು ಜಡ್ಜಲ್ಲ, ಬಾಯಿ ಬಿಡಲಿಲ್ಲ. ಅರ್ಧ ಗಂಟೆಯಲ್ಲಿ ತೀರ್ಮಾನ ಅವರೇ ಮಾಡಿಕೊಂಡರು: ಕೂಲಿ ಅರ್ಧರ್ಧ, ಶೀಟಿನ ಖರ್ಚು ಸ್ಟೋರಿನವರದ್ದು, ನಾಟಾ ಮರದವರಿಗೆ, ಕೊಂಬೆ ಸೌದೆ ಸ್ಟೋರಿನವರ ಆಳುಗಳ ಲೈನ್ ಮನೆಗೆ.

ಸಿಲ್ವರ್ ಆಗಿದ್ದಕ್ಕೆ ಅಷ್ಟು ಸಲೀಸಾಯಿತು. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್, ನೀಲಗಿರಿ ಕಡಿಯಲು ಅನುಮತಿ ಬೇಕಿಲ್ಲ. ಅದೇ ಬೀಟೆ ಬಿದ್ದಿದ್ದರೆ ಅರಣ್ಯ ಇಲಾಖೆಯವರು ಬಂದು ನೋಡುವವರೆಗೆ ಲಕ್ಷ ಕೊಟ್ಟರೂ ಮುಟ್ಟುವುದಿಲ್ಲ. ಜೀಪಿನ ಮೇಲೆ ಬಿದ್ದಿದ್ದರೆ ಮೊದಲು ಇನ್ಶೂರೆನ್ಸ್ ಕೇಳುತ್ತೇನೆ. ಬರೀ ಥರ್ಡ್ ಪಾರ್ಟಿ ಇದ್ದರೆ ಸ್ವಂತ ಜೀಪಿಗೆ ಚಿಕ್ಕಾಸೂ ಹುಟ್ಟುವುದಿಲ್ಲ. ಫುಲ್ ಇದ್ದರೆ ಕಂಪನಿಗೆ ತಿಳಿಸಿ, ಫೋಟೋ ಆದ ಮೇಲೇ ಕೊಂಬೆ ಎಳೆಯುವುದು.

ಆ ಅಗಳಿನ ಅಂಚಿನಲ್ಲಿ ಬೇರು ಕಡಿಸಿಕೊಂಡ ಸಿಲ್ವರ್ ಇನ್ನೂ ಮೂರು ನಿಂತಿವೆ. ಇಳಿಸಿಬಿಡಿ ಅಂತ ಇಬ್ಬರಿಗೂ ಹೇಳಿ ಬಂದೆ. ಅದರ ಕೂಲಿ ಯಾರದ್ದು ಅಂತ ಮಾತು ಇನ್ನೂ ನಡೆಯುತ್ತಿದೆ.