ಟ್ಯಾಂಕಿನಲ್ಲಿರುವುದು ಏನೆಂದು ಕೆಲಸಗಾರರಿಗೆ ತಿಳಿಸುವುದು ಹೇಗೆ?

ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಲೋಹಕ್ಕೆ ಲೇಪನ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಹಲವು. ಹತ್ತಿಪ್ಪತ್ತು ಜನ ದುಡಿಯುವ ಇಂತಹ ಶೆಡ್ಡಿನಲ್ಲೂ ಹೈಡ್ರೋಕ್ಲೋರಿಕ್ ಆಮ್ಲ, ಕ್ರೋಮಿಕ್ ಆಮ್ಲ, ಕೆಲವೆಡೆ ಸೋಡಿಯಂ ಸಯನೈಡ್ ದ್ರಾವಣದ ಟ್ಯಾಂಕುಗಳು ಅಕ್ಕಪಕ್ಕದಲ್ಲೇ ಇರುತ್ತವೆ. 1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಂದ ತಿದ್ದುಪಡಿಯು ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಕೆಲಸಗಾರರಿಗೆ ಮಾಹಿತಿ ಕೊಡುವುದನ್ನು ಮಾಲೀಕರ ಹೊಣೆಯಾಗಿಸಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಆ ಹೊಣೆ ಉಳಿದಿದೆ. ಆದರೆ ಕಡತದಲ್ಲಿ ಕಾಗದ ಸೇರಿಸಿದ ಮಾತ್ರಕ್ಕೆ ಮಾಹಿತಿ ಕೊಟ್ಟಂತಾಗುವುದಿಲ್ಲ.

ಮೊದಲು ಶೆಡ್ಡಿನೊಳಗೆ ಒಂದು ಸುತ್ತು ಹಾಕಿ, ಇರುವ ಪ್ರತಿಯೊಂದು ರಾಸಾಯನಿಕವನ್ನೂ ಪಟ್ಟಿ ಮಾಡಬೇಕು. ಖರೀದಿ ಬಿಲ್ಲುಗಳನ್ನಷ್ಟೇ ನೋಡಿ ಪಟ್ಟಿ ಬರೆದರೆ ಮೂಲೆಯಲ್ಲಿರುವ ಹಳೆಯ ಕ್ಯಾನುಗಳು, ಜಿಡ್ಡು ತೆಗೆಯುವ ದ್ರಾವಕಗಳು, ತ್ಯಾಜ್ಯ ನೀರನ್ನು ಸಂಸ್ಕರಿಸಲು ತಂದ ಪುಡಿಗಳು ಬಿಟ್ಟುಹೋಗುತ್ತವೆ. ನಂತರ ಪಟ್ಟಿಯಲ್ಲಿರುವ ಪ್ರತಿಯೊಂದಕ್ಕೂ ಪೂರೈಕೆದಾರರಿಂದ ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬೇಕು. ಈಗ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಮಾದರಿಯಲ್ಲಿ ಈ ಪತ್ರಕ್ಕೆ 16 ಭಾಗಗಳಿರುತ್ತವೆ. ಎಲ್ಲವನ್ನೂ ಕೆಲಸಗಾರರ ಮುಂದೆ ಓದಿ ಹೇಳುವುದು ವ್ಯರ್ಥ. ಅಪಾಯಗಳನ್ನು ಹೇಳುವ 2ನೆಯ ಭಾಗ, ಪ್ರಥಮ ಚಿಕಿತ್ಸೆಯ 4ನೆಯದು, ಚೆಲ್ಲಿದಾಗಿನ ಕ್ರಮದ 6ನೆಯದು, ಬಳಕೆ ಹಾಗೂ ಸಂಗ್ರಹದ 7ನೆಯದು, ರಕ್ಷಣಾ ಸಾಧನಗಳ 8ನೆಯದು, ಯಾವುದರ ಜೊತೆ ಯಾವುದು ಸೇರಬಾರದೆಂದು ತಿಳಿಸುವ 10ನೆಯದು, ಇಷ್ಟರಿಂದ ಪ್ರತಿ ಟ್ಯಾಂಕಿಗೆ ಒಂದೊಂದು ಪುಟದ ಸಾರಾಂಶವನ್ನು ಸಿದ್ಧಪಡಿಸಿದರೆ ಸಾಕು. ಅದು ಕನ್ನಡದಲ್ಲಿರಲಿ, ಹಿಂದಿ ಅಥವಾ ಒಡಿಯಾ ಮಾತ್ರ ಬಲ್ಲವರಿದ್ದರೆ ಆ ಭಾಷೆಯಲ್ಲೂ ಇರಲಿ.

ಡ್ರಮ್ಮಿನ ಮೇಲೆ ಕೆಂಪು ಅಂಚಿನ ವಜ್ರಾಕಾರದ ಚಿಹ್ನೆಯಿದ್ದರೂ ಅದರಿಂದ ಸಣ್ಣ ಕ್ಯಾನಿಗೆ ಸುರಿದುಕೊಂಡ ಕ್ಷಣವೇ ಗುರುತು ಮಾಯವಾಗುತ್ತದೆ. ಆದ್ದರಿಂದ ಸಣ್ಣ ಪಾತ್ರೆಗೂ ಹೆಸರು ಮತ್ತು ಚಿಹ್ನೆ ಅಂಟಿಸುವುದು ಕಡ್ಡಾಯವಾಗಬೇಕು. ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಆಮ್ಲ ತುಂಬಿಡುವ ಅಭ್ಯಾಸವನ್ನು ಯಾವ ಕಾರಣಕ್ಕೂ ಸಹಿಸಬಾರದು.

ತರಬೇತಿಯನ್ನು ಕಚೇರಿಯ ಕೋಣೆಯಲ್ಲಿ ನಡೆಸುವುದಕ್ಕಿಂತ ಟ್ಯಾಂಕಿನ ಬಳಿಯೇ ನಡೆಸುವುದು ಮೇಲು. ಸಯನೈಡ್ ದ್ರಾವಣಕ್ಕೆ ಆಮ್ಲ ಬೆರೆತರೆ ಪ್ರಾಣಾಂತಿಕವಾದ ಹೈಡ್ರೋಜನ್ ಸಯನೈಡ್ ಅನಿಲ ಹೊರಬರುತ್ತದೆ. ಅದಕ್ಕೆ ಕಹಿ ಬಾದಾಮಿಯ ವಾಸನೆ ಇದೆಯೆನ್ನುತ್ತಾರಾದರೂ ಹುಟ್ಟಿನಿಂದಲೇ ಆ ವಾಸನೆ ತಿಳಿಯದವರಿದ್ದಾರೆ. ಹಾಗಾಗಿ ಮೂಗನ್ನು ನಂಬಬಾರದೆಂಬುದನ್ನು, ಎರಡು ಟ್ಯಾಂಕುಗಳ ನಡುವಿನ ಅಂತರವನ್ನೂ ಪ್ರತ್ಯೇಕ ಚರಂಡಿಯನ್ನೂ ಕೈಮಾಡಿ ತೋರಿಸುತ್ತಾ ವಿವರಿಸಬೇಕು. ಯಾರಾದರೂ ಕುಸಿದುಬಿದ್ದರೆ ಉಸಿರಾಟದ ಉಪಕರಣವಿಲ್ಲದೆ ಅವರನ್ನು ಎಳೆತರಲು ನುಗ್ಗಬಾರದು ಎಂಬುದೂ ಇಲ್ಲೇ ಹೇಳಬೇಕಾದ ಮಾತು. ಕ್ರೋಮ್ ಟ್ಯಾಂಕಿನ ಅಪಾಯ ನಿಧಾನವಾದದ್ದು: ಅದರಿಂದೇಳುವ ಸೂಕ್ಷ್ಮ ಹನಿಗಳ ಮಂಜು ವರ್ಷಗಟ್ಟಲೆ ಉಸಿರಿನೊಂದಿಗೆ ಒಳಹೋದರೆ ಮೂಗಿನ ನಡುಗೋಡೆಯಲ್ಲಿ ತೂತು ಬೀಳಬಹುದು, ಶ್ವಾಸಕೋಶದ ಕ್ಯಾನ್ಸರ್‌ಗೂ ಅದು ಕಾರಣ. ಇದನ್ನು ಹೇಳಿದರೆ ಕೆಲಸಗಾರರು ಬಿಟ್ಟುಹೋಗುತ್ತಾರೆಂದು ಅಳುಕುವ ಮಾಲೀಕರಿದ್ದಾರೆ; ಮುಚ್ಚಿಡುವುದಕ್ಕೆ ಅದು ಸಮರ್ಥನೆಯಾಗದು.

ವಿವರಿಸಿದ ನಂತರ ಪ್ರಶ್ನೆ ಕೇಳಬೇಕು. "ಅರ್ಥವಾಯಿತೇ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು "ಕೈಮೇಲೆ ಆಸಿಡ್ ಬಿದ್ದರೆ ಮೊದಲು ಏನು ಮಾಡುತ್ತೀರಿ, ತೋರಿಸಿ" ಎಂದು ಹೇಳಿ, ಅವರು ನಲ್ಲಿಯವರೆಗೆ ನಡೆದುಹೋಗುವುದನ್ನು ನೋಡಬೇಕು. ದಾರಿಗೆ ಅಡ್ಡವಾಗಿ ಡ್ರಮ್ಮುಗಳಿದ್ದರೆ ಆಗಲೇ ತಿಳಿಯುತ್ತದೆ. ಗುತ್ತಿಗೆ ಕೆಲಸಗಾರರನ್ನೂ ಟ್ಯಾಂಕು ತೊಳೆಯಲು ಬರುವವರನ್ನೂ ಈ ತರಬೇತಿಯಿಂದ ಹೊರಗಿಡಬಾರದು.

ಕೊನೆಯದಾಗಿ, ಮಾಹಿತಿ ಪತ್ರಗಳ ಪ್ರತಿಗಳನ್ನು ಬೀಗ ಹಾಕದ ಜಾಗದಲ್ಲಿಡಬೇಕು. ಆಸ್ಪತ್ರೆಗೆ ಹೋಗುವಾಗ ವೈದ್ಯರಿಗೆ ತೋರಿಸಲು ಆಯಾ ರಾಸಾಯನಿಕದ ಪತ್ರವನ್ನು ಜೊತೆಗೆ ಒಯ್ಯಬೇಕೆಂದು ಪ್ರತಿ ಪಾಳಿಯವರಿಗೂ ತಿಳಿದಿರಬೇಕು. ಹೊಸ ರಾಸಾಯನಿಕ ಬಂದರೆ ಅಥವಾ ಪೂರೈಕೆದಾರರು ಬದಲಾದರೆ, ಡ್ರಮ್ಮಿನ ಮುಚ್ಚಳ ತೆಗೆಯುವ ಮೊದಲೇ ಈ ಕ್ರಮವನ್ನು ಮತ್ತೆ ಮೊದಲಿನಿಂದ ಅನುಸರಿಸಬೇಕು.