ಮಾತು ಯಾರ ಮನೆ ದಾಟಿ ಹೋಗುತ್ತದೆ? ರಾಜಕೀಯದ ನಂಟು ಅಳೆಯುವ ಬಗೆ

ಯಾರಿಗೆ ಯಾವ ಹುದ್ದೆ ಅನ್ನುವುದು ಪಟ್ಟಿಯಲ್ಲೇ ಇರುತ್ತದೆ. ಆದರೆ ಒಂದು ಕೆಲಸ ಆಗಬೇಕಾದರೆ ಮಾತು ಯಾರ ಕಿವಿಗೆ ಬೀಳಬೇಕು? ಅದನ್ನು ಕಂಡುಕೊಳ್ಳುವ ದಾರಿಯೇ ಸಾಮಾಜಿಕ ಜಾಲ ವಿಶ್ಲೇಷಣೆ. ಶುರುವಿಗೆ ಕಾಗದ, ಪೆನ್ಸಿಲ್ ಸಾಕು.

ಮೊದಲು ಒಂದೇ ಒಂದು ಪ್ರಶ್ನೆ ಹಿಡಿಯಿರಿ. ಯಾರನ್ನೆಲ್ಲ ಸೇರಿಸಬೇಕು ಎಂದು ಗೊತ್ತುಮಾಡಿಕೊಳ್ಳಿ.

ಆಮೇಲೆ ನಂಟು ಎಂದರೇನು ಎಂದು ತೀರ್ಮಾನಿಸಬೇಕು. ಇಲ್ಲಿ ಅವಸರ ಬೇಡ, ಇಡೀ ಕೆಲಸ ನಿಂತಿರುವುದೇ ಇದರ ಮೇಲೆ. ‘ಇಬ್ಬರೂ ಆಪ್ತರಂತೆ’ ಎಂದರೆ ಅದು ಬರೀ ಊಹೆ. ದಾಖಲೆಯಲ್ಲಿ ಬೆರಳಿಟ್ಟು ತೋರಿಸುವಂಥದ್ದು ಬೇಕು: ಒಂದೇ ಸಮಿತಿಯಲ್ಲಿ ಕೂತಿದ್ದು, ದೇಣಿಗೆ ಕೊಟ್ಟಿದ್ದು, ಮಸೂದೆಗೆ ಬೆಂಬಲದ ಸಹಿ ಹಾಕಿದ್ದು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಯಾರ ಮಸೂದೆಗೆ ಯಾರು ಹೀಗೆ ಕೈಜೋಡಿಸಿದರು ಎಂದು ರಾಜಕೀಯ ವಿಜ್ಞಾನಿ ಜೇಮ್ಸ್ ಫೌಲರ್ 1973ರಿಂದ 2004ರವರೆಗಿನ ದಾಖಲೆಯಿಂದ ಜಾಲ ಕಟ್ಟಿದರು.

ಮುಂದೆ ಸ್ಪ್ರೆಡ್‌ಶೀಟಿನಲ್ಲಿ ಎರಡು ಕಾಲಂ: ಈ ಕಡೆ ಒಬ್ಬರು, ಆ ಕಡೆ ಅವರಿಗೆ ನಂಟಿರುವವರು. ಗೆಫಿ ಎಂಬ ಉಚಿತ ತಂತ್ರಾಂಶ ಇದನ್ನು ಚಿತ್ರ ಮಾಡಿಕೊಡುತ್ತದೆ. ಆದರೂ ಮೊದಲ ಜಾಲವನ್ನು ಕೈಯಲ್ಲೇ ಬಿಡಿಸಿ: ಒಬ್ಬೊಬ್ಬರಿಗೂ ಒಂದು ಚುಕ್ಕಿ, ಒಂದೊಂದು ನಂಟಿಗೂ ಒಂದು ಗೆರೆ. ಆಗಲೇ ಅದು ಮನಸ್ಸಿಗೆ ಹತ್ತುವುದು.

ಅಭ್ಯಾಸಕ್ಕೆ 15ನೇ ಶತಮಾನದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ದೊಡ್ಡ ಮನೆತನಗಳ ಬೀಗತನ ತೆಗೆದುಕೊಳ್ಳಿ. ರಾಜಕೀಯ ವಿಜ್ಞಾನಿ ಜಾನ್ ಪ್ಯಾಜೆಟ್ ಕಲೆಹಾಕಿದ ಮಾಹಿತಿಯಿಂದ ಬಂದ ಪುಟ್ಟ ಜಾಲ ಇದು: 16 ಮನೆತನ, 20 ಗೆರೆ. ಇವುಗಳಲ್ಲಿ ಮೆಡಿಚಿ ಮನೆತನಕ್ಕಿಂತ ಸ್ಟ್ರೋಟ್ಸಿ ಮನೆತನದ ಆಸ್ತಿ ಜಾಸ್ತಿ, ಆಡಳಿತ ಮಂಡಳಿಯಲ್ಲಿ ಸ್ಥಾನವೂ ಜಾಸ್ತಿ. ಆದರೂ ಊರು ಮೆಡಿಚಿಗಳ ಕೈ ಸೇರಿತು.

ಗೆರೆ ಎಣಿಸಿ. ಮೆಡಿಚಿಗೆ 6, ಸ್ಟ್ರೋಟ್ಸಿಗೆ 4. ಅಂಥ ದೊಡ್ಡ ಅಂತರವೇನಲ್ಲ, ಅಲ್ವಾ? ಈಗ ಬೆರಳಿಟ್ಟು ದಾರಿ ಹುಡುಕಿ. ಸ್ಟ್ರೋಟ್ಸಿ ಮನೆಯಿಂದ ಹೊರಟರೆ ರಿಡೋಲ್ಫಿ, ಮೆಡಿಚಿ, ಸಾಲ್ವಿಯಾತಿ, ಕೊನೆಗೆ ಪಾಟ್ಸಿ. ಎಷ್ಟು ಸುತ್ತಿ ಹೋದರೂ ಮೆಡಿಚಿ ಬಾಗಿಲು ತಪ್ಪುವುದಿಲ್ಲ. ಹೀಗೆ ಉಳಿದವರ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಒಬ್ಬರು ಎಷ್ಟರಲ್ಲಿ ಸಿಗುತ್ತಾರೆ ಎಂದು ಲೆಕ್ಕ ಹಾಕಿ. ಮೆಡಿಚಿಗಳ ಪಾಲು ಅರ್ಧಕ್ಕಿಂತ ಜಾಸ್ತಿ. ಸ್ಟ್ರೋಟ್ಸಿಗಳದ್ದು ಹತ್ತರಲ್ಲಿ ಒಂದು ಪಾಲಿನಷ್ಟು.

ಇನ್ನು ಮೆಡಿಚಿ ಚುಕ್ಕಿಯನ್ನು ರಬ್ಬರಿನಿಂದ ಅಳಿಸಿ. ಪಾಟ್ಸಿ, ಸಾಲ್ವಿಯಾತಿ ಎರಡೂ ಜಾಲದಿಂದ ಕಳಚಿಕೊಳ್ಳುತ್ತವೆ.

ಇಷ್ಟಾದ ಮೇಲೆ ದಾಖಲೆಗೆ ವಾಪಸ್ ಹೋಗಿ, ಒಂದೊಂದೇ ಗೆರೆಯನ್ನು ವಿಚಾರಿಸಿ. 1433ರಲ್ಲಿ ಕೊಸಿಮೊ ಮೆಡಿಚಿಯನ್ನು ಗಡಿಪಾರು ಮಾಡಿಸಲು ಮುಂದೆ ನಿಂತವರು ಅಲ್ಬಿಟ್ಸಿಗಳು. ಆ ಎರಡು ಮನೆಗಳ ನಡುವೆಯೂ ಬೀಗತನದ ಗೆರೆ ಇದೆ! ಹಾಗಾಗಿ ಹಗೆಗೆ ಕೆಂಪು ಪೆನ್ಸಿಲ್ ಬೇರೆಯೇ ಇಟ್ಟುಕೊಳ್ಳಿ.